ಚಿಗವ್ವನ ಕ್ಯಾಸೆಟ್

ಮೊಮ್ಮಗಳು ಫೋನಿನಲ್ಲಿ ಯಾವುದೋ ರ‍್ಯಾಪ್ ತಂಡದ ಹೆಸರಾದ ಹಾಡುಗಳನ್ನೆಲ್ಲ ಒಟ್ಟಿಗೆ ಹಚ್ಚಿದಾಗ, ಆ ಬಿರುಸಿನ ಮಾತುಗಳ ನಡುವೆ ನನಗೆ ಗೀಗೀ ಪದ ಹಾಡುತ್ತಿದ್ದ ಚಿಗವ್ವ ನೆನಪಾಗುತ್ತಾಳೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಕೆಂಭಾವಿಯಿಂದ ಬೀಗರು ಬಂದಿದ್ದರು. "ಮೇಳದಾಗ ಹಾಡಾಕಿ ನನ್ನ ತಂಗಿ ಅಂತ ತಿಳದ್ರ ಎದ್ದು ಹೋಗ್ತಾರ. ಆಕಿ ಬಂದ್ರ ಹೊರಗ ನಿಂದ್ರಸು" ಎಂದು ಅವ್ವ ನನ್ನನ್ನು ಬಾಗಿಲಲ್ಲಿ ಕೂರಿಸಿದ್ದಳು.

ಚಿಗವ್ವ ಬಂದೇ ಬಂದಳು. ಕೈಯಲ್ಲಿ ಹೊಸ ಕ್ಯಾಸೆಟ್, ಅದರ ಮೇಲೆ ಅವಳದೇ ಫೋಟೋ. "ನಮ್ಮ ಮೇಳದ ಚಲೋ ಚಲೋ ಪದ ಎಲ್ಲಾ ಇದೊಂದರಾಗ ಹಾಕ್ಯಾರ. ನಿಮ್ಮವ್ವನ್ನ ಕರಿಯವ್ವಾ" ಎಂದಳು.

"ಯಾರವ್ವಾ ಆಕಿ?" ಒಳಗಿಂದ ಬೀಗತಿ ಕೇಳಿದಳು.

"ಜ್ವಾಳ ಬೇಡಾಕ ಬಂದಾಳ್ರಿ" ಎಂದೆ. ಹಾಗೆ ಹೇಳೆಂದು ಅವ್ವ ನನಗೆ ಕಲಿಸಿರಲಿಲ್ಲ.

"ಹಂಗಾರ ಒಂದು ಬೊಗಸಿ ಹಾಕಿ ಕಳಸು. ಬಿಸಲಾಗ ಯಾಕ ನಿಂದ್ರಸಿದಿ?"

ಬೊಗಸೆ ಜೋಳ ತಂದೆ. ಚಿಗವ್ವ ನನ್ನ ಮುಖ ನೋಡಿದಳು. ಕ್ಯಾಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೆರಗು ಒಡ್ಡಿದಳು. ಜೋಳ ಬಿದ್ದ ಮೇಲೆ, ಒಳಗಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಈ ಮನ್ಯಾಗ ಲಗೂನ ಲಗ್ನದ ಹಂದರ ಏಳ್ಲಿ ತಾಯಿ" ಎಂದು ಬೇಡುವವರ ದನಿಯಲ್ಲೇ ಹರಸಿ ಹೋದಳು.