ಕೊನೆಯ ತಿರುವಿನ ತಕರಾರು

"ತಕರಾರು ಅರ್ಜಿ ಫಾರಂ ಕೊಡಿ," ಎಂದಳು ಗನೀಮಾ.

ಫೈನಲ್ ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಕುವೈತ್ ಊರಾಚೆಯ ಮರಳಿನಲ್ಲಿದ್ದ ಆ ರಿಮೋಟ್ ಕಾರುಗಳ ಟ್ರ್ಯಾಕಿನ ಮೇಲೆ ಎದ್ದ ಧೂಳು ಇನ್ನೂ ಕೂತಿರಲಿಲ್ಲ. ಕ್ಲಬ್ಬಿನ ತೀರ್ಪುಗಾರ ಅಬು ಮುತ್ಲಕ್ ಮೈಕು ಕೆಳಗಿಟ್ಟು ಅವಳನ್ನೇ ನೋಡಿದ.

"ಯೋಚ್ನೆ ಮಾಡಿದೀಯಾ, ಟೀಚರಮ್ಮ?"

"ಆರು ವರ್ಷದಿಂದ ಮಾಡ್ತಿದೀನಿ."

"ಹದಿನೈದು ನಿಮಿಷದಲ್ಲಿ ವಾಪಸ್ ಕೊಡ್ಬೇಕು. ಒಬ್ಬ ಸಾಕ್ಷಿ ಸಹಿ ಬೇಕು. ನಾನು ಎಲ್ಲರೆದುರಿಗೂ ಮೈಕಲ್ಲಿ ಓದ್ತೀನಿ. ಆಮೇಲೆ ಹಿಂದೆ ತಗೊಳ್ಳೋ ಹಾಗಿಲ್ಲ."

"ಗೊತ್ತು. ಓದ್ಲಿ ಅಂತಾನೇ ಬರೀತಿರೋದು."

ನಡೆದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಕೊನೆಯ ಸುತ್ತು, ಕೊನೆಯ ತಿರುವು. ಗನೀಮಾಳ ಹಳದಿ ಕಾರು ಮುಂದೆ, ಅದರ ಬೆನ್ನಿಗೇ ಮಿಶಾರಿಯ ಕಪ್ಪು ಕಾರು. ಕಪ್ಪು ಕಾರು ಒಳಗೆ ನುಗ್ಗಿತು, ಎರಡೂ ತಾಗಿದವು, ಹಳದಿ ಕಾರು ಮೂರು ಪಲ್ಟಿ ಹೊಡೆದು ಅಂಗಾತ ಬಿತ್ತು. ಯಾರನ್ನಾದರೂ ಉರುಳಿಸಿದರೆ ಉರುಳಿಸಿದವನು ನಿಲ್ಲಬೇಕು. ಬಿದ್ದ ಕಾರನ್ನು ಟ್ರ್ಯಾಕಿನ ಬದಿ ಕಾಯುವ ಮಾರ್ಷಲ್ ಎತ್ತಿ ಕೂರಿಸಿ, ಅದು ಹೊರಟ ಮೇಲೆಯೇ ತಾನು ಹೊರಡಬೇಕು. ಈ ಆಟದ ಮರ್ಯಾದೆ ಅದು. ಮಿಶಾರಿ ನಿಲ್ಲಲಿಲ್ಲ. ಸೀದಾ ಹೋಗಿ ಗೆದ್ದುಬಿಟ್ಟ.

ಹಿಂದೆ ಬಂದದ್ದು ಬರ್ಜಸ್‌ನ ಬಿಳಿ ಕಾರು. ಅವನೆದುರು ದಾರಿ ಖಾಲಿ, ಗೆಲುವಿನ ಗೆರೆ ಹತ್ತು ಮಾರು ದೂರ. ಆದರೂ ಅವನು ನಿಂತ. ಮಾರ್ಷಲ್ ಓಡಿಬಂದು ಹಳದಿ ಕಾರನ್ನು ಎತ್ತಿ ಕೂರಿಸುವವರೆಗೂ ಬಿಳಿ ಕಾರು ಅದರ ಪಕ್ಕದಲ್ಲೇ ಅಲುಗಾಡದೆ ನಿಂತಿತು. ಹಳದಿ ಕಾರು ಕುಂಟುತ್ತ ಎರಡನೆಯದಾಗಿ ಗೆರೆ ದಾಟಿತು. ಅದರ ಹಿಂದೆ ಬರ್ಜಸ್. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ಮೊದಲ ಇಬ್ಬರಿಗೆ ಮನಾಮಾದಲ್ಲಿ ನಡೆಯುವ ಕೊಲ್ಲಿ ದೇಶಗಳ ಪಂದ್ಯಕ್ಕೆ ಹೋಗುವ ಅವಕಾಶ. ಗನೀಮಾ ಆರು ವರ್ಷದಿಂದ ಜಪಿಸುತ್ತಿದ್ದದ್ದು ಅದನ್ನೇ.

ಅವಳು ರಸಾಯನಶಾಸ್ತ್ರದ ಟೀಚರು, ವಯಸ್ಸು ನಲವತ್ತನಾಲ್ಕು. ರಿಮೋಟ್ ಹಿಡಿದು ಚಾಲಕರ ಅಟ್ಟಣೆ ಹತ್ತುವ ಏಕೈಕ ಹೆಂಗಸು. ಮೊದಲ ವರ್ಷ ಎಲ್ಲರೂ ನಕ್ಕರು. ಎರಡನೇ ವರ್ಷದಿಂದ ಗೌರವ ಕೊಡತೊಡಗಿದರು. ಅವಳ ಕಾರು ಹಿಂದೆ ಬಂತೆಂದರೆ ಪಕ್ಕಕ್ಕೆ ಸರಿಯುವುದೇನು, ಅವಳು ಎಡವಿದರೆ ವೇಗ ತಗ್ಗಿಸುವುದೇನು! ಅಷ್ಟು ಸಭ್ಯರ ನಡುವೆ ಮಿಶಾರಿ ಒಬ್ಬನೇ ಒರಟ. ಅವನು ಅವಳಿಗೂ ದಾರಿ ಬಿಡುತ್ತಿರಲಿಲ್ಲ.

ಅವಳು ಮೇಜಿನ ಮೇಲೆ ಕಾರನ್ನು ಮಗುಚಿ ನೋಡಿದಳು. ಎಡ ಮುಂಚಕ್ರದ ತೋಳು ಮುರಿದಿತ್ತು. ಹಿಂಬದಿಯಲ್ಲಿ ಒಂದು ಗೀರೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ಪೆನ್ನು ಎತ್ತಿಕೊಂಡಳು.

ಮಿಶಾರಿ ಬೇಯಿಸಿದ ಕಡಲೆಯ ಬಟ್ಟಲು ಹಿಡಿದು ಎದುರಿಗೇ ಬಂದು ನಿಂತ.

"ಎರಡನೇ ಸ್ಥಾನ ಸಿಕ್ತು, ಮನಾಮಾ ಸಿಕ್ತು. ಇನ್ನೂ ಸಾಕಾಗ್ಲಿಲ್ವಾ ಟೀಚರ್?"

"ಸಾಕಾಗ್ಲಿಲ್ಲ."

"ಬರೀರಿ ಬರೀರಿ. ದಾರಿ ಬಿಡೋರ ಜೊತೇನೇ ಆಡ್ಕೊಂಡಿರಿ. ನಾನಂತೂ ಬಿಡೋನಲ್ಲ."

"ನಿನ್ನನ್ನ ಕೇಳಿದೋರು ಯಾರೋ?" ಎಂದಳು ತಲೆ ಎತ್ತದೆ.

ಅಷ್ಟರಲ್ಲಿ ಬರ್ಜಸ್ ಬಂದ. ಅತ್ತರಿನ ಅಂಗಡಿಯ ಬರ್ಜಸ್ ಎಂದರೆ ಇಡೀ ಕ್ಲಬ್ಬಿಗೆ ಹಿರಿಯಣ್ಣ. ಬರುವಾಗಲೇ ಮಿಶಾರಿಗೆ ಬೈದು ಅಟ್ಟಿದ.

"ನಾಚ್ಕೆ ಇಲ್ವೇನೋ? ಹೆಣ್ಮಗಳನ್ನ ಉರುಳಿಸಿ ಗೆಲ್ತೀಯಾ? ಹೋಗಾಚೆ!" ಆಮೇಲೆ ಫ್ಲಾಸ್ಕಿನಿಂದ ಕೇಸರಿ ಚಹಾ ಬಗ್ಗಿಸಿ ಅವಳ ಮುಂದಿಟ್ಟ. "ಬರಿ ತಂಗಿ, ಹೆದರ್ಬೇಡ. ಈ ಅನ್ಯಾಯ ಎಷ್ಟು ದಿನ ಅಂತ ಸಹಿಸ್ತೀಯಾ?"

"ಅದನ್ನೇ ಬರೀತಿದೀನಿ, ಅಣ್ಣ."

"ಸಾಕ್ಷಿಗೆ ನಾನಿದೀನಿ. ನನಗಿಂತ ಹತ್ರದಿಂದ ನೋಡಿದೋರು ಇನ್ಯಾರು?"

ಗನೀಮಾ ಬರೆದು ಮುಗಿಸಿದಳು. ಕಾಗದವನ್ನು ಅವನ ಕಡೆ ತಿರುಗಿಸಿ, ಅಂಗೈಯಲ್ಲಿ ಏನನ್ನೂ ಮುಚ್ಚದೆ ಮುಂದೆ ಹಿಡಿದಳು.

"ಓದಿ ಸಹಿ ಹಾಕಿ, ಅಣ್ಣ."

"ಓದೋದೇನಿದೆ? ಒಬ್ಬ ಹೆಣ್ಮಗಳು ಬರೆದಿದ್ದನ್ನ ಪರೀಕ್ಷೆ ಮಾಡೋವಷ್ಟು ಸಣ್ಣೋನಾ ನಾನು?"

"ಒಂದ್ಸಲ ಓದಿ. ಬೇಡ್ಕೊತೀನಿ."

"ಛೆ ಛೆ!" ಬರ್ಜಸ್ ನಗುತ್ತ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿಬಿಟ್ಟ.

ಅವಳು ಕಾಗದ ಮಡಚಿದಳು. ಒಳ್ಳೆಯ ಮನುಷ್ಯ, ಅದರಲ್ಲಿ ಸಂಶಯವೇ ಇಲ್ಲ. ಆದರೆ ಹಿಂದೆ ಸರಿಯುವ ಮನಸ್ಸು ಅವಳಿಗೆ ಬರಲಿಲ್ಲ. ಗಡುವಿಗೆ ಎರಡು ನಿಮಿಷ ಇರುವಾಗ ಅರ್ಜಿಯನ್ನು ಅಬು ಮುತ್ಲಕ್‌ನ ಕೈಗಿಟ್ಟು, ಎಲ್ಲರಿಗೂ ಕಾಣುವ ಹಾಗೆ ಅಟ್ಟಣೆಯ ಮೇಲೆ ಹೋಗಿ ನಿಂತಳು.

ಜನ ಸುತ್ತ ನೆರೆದರು. ಯಾರೋ ಮಿಶಾರಿಯ ಕಡೆ ಬೆರಳು ತೋರಿಸಿ "ಸಿಕ್ಕಿಬಿದ್ದ ನೋಡು" ಎಂದರು. ಅಬು ಮುತ್ಲಕ್ ಕನ್ನಡಕ ಏರಿಸಿ ಕಾಗದವನ್ನು ಒಮ್ಮೆ ಓದಿದ, ಮತ್ತೊಮ್ಮೆ ಓದಿದ. ಬರ್ಜಸ್‌ನ ಮುಖ ನೋಡಿದ. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದ.

"ತಕರಾರು ಬರ್ಜಸ್ ಅವರ ಮೇಲೆ. ಕೊನೆಯ ತಿರುವಿನಲ್ಲಿ ಮಿಶಾರಿಗೆ ಅಡ್ಡ ಹೋಗಿ ಬಿದ್ದವಳು ನಾನು, ಅವನು ಕಾಯಬೇಕಿರಲಿಲ್ಲ; ನನ್ನನ್ನು ಮುಟ್ಟದೇ ಇದ್ದ ಬರ್ಜಸ್ ಮಾತ್ರ, ನಾನು ಹೆಂಗಸು ಎಂಬ ಒಂದೇ ಕಾರಣಕ್ಕೆ, ತಾವು ಗೆಲ್ಲಬೇಕಿದ್ದ ಎರಡನೇ ಸ್ಥಾನವನ್ನು ನನಗೆ ದಾನ ಮಾಡಿದ್ದಾರೆ; ಆದ್ದರಿಂದ ನನ್ನನ್ನು ಮೂರನೇ ಸ್ಥಾನಕ್ಕೆ ಇಳಿಸಿ, ಮನಾಮಾಕ್ಕೆ ಅವರನ್ನು ಕಳಿಸಬೇಕಾಗಿ ಕೋರಿಕೆ."