ಉಗುರಿನ ಗುರುತು

ಮುದುಕ ಮಾಲಿ ಕುಕ್ಕರಗಾಲಲ್ಲಿ ಕೂತು ಅಂಜೂರದ ಗಿಡದ ತುದಿಯನ್ನು ಮೆಲ್ಲಗೆ ಬಗ್ಗಿಸಿದ. ಲಟಕ್ಕನೆ ಮುರಿಯಿತು. ಪಕ್ಕದಲ್ಲಿ ನಿಂತಿದ್ದ ಟೈಲರ್, ಕೊರಳಲ್ಲಿ ಜೋತಿದ್ದ ಅಳತೆ ಟೇಪನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

“ಹೋಯ್ತಾ ಅಜ್ಜ?”

“ತುದಿ ಹೋಗಿದೆ. ಬುಡ ಏನು ಹೇಳುತ್ತೋ ನೋಡೋಣ, ತಡಿ.”

ಮೊಣಕಾಲೆತ್ತರದ ಆ ಗಿಡ ಚಳಿಗೆ ಎಲೆ ಉದುರಿಸಿ ಮೂರು ತಿಂಗಳಾಗಿತ್ತು. ನೆಟ್ಟವಳು ಟೈಲರನ ನಾದಿನಿಯ ಮಗಳು ಚುಕ್ಕಿ. ತಾಯಿ ಕಾಯಿಲೆ ಬಿದ್ದಾಗ ಎರಡು ವರ್ಷದ ಕೂಸಾಗಿ ಬಂದವಳು, ಮಕ್ಕಳಿಲ್ಲದ ಈ ಮನೆಯಲ್ಲಿ ನಾಲ್ಕು ವರ್ಷ ಬೆಳೆದು, ತಾಯಿ ಚೇತರಿಸಿಕೊಂಡ ಮೇಲೆ ತನ್ನ ಮನೆಗೆ ಹೊರಟಿದ್ದಳು. ಹೊರಡುವ ದಿನ ನೆಟ್ಟದ್ದು ಅದು. ಪ್ರತಿ ಭಾನುವಾರ ಫೋನಿನಲ್ಲಿ ಅವಳದು ಒಂದೇ ಪ್ರಶ್ನೆ: “ದೊಡ್ಡಪ್ಪ, ನನ್ನ ಗಿಡ ಎದ್ದಿತಾ?” ಇನ್ನೂ ಮಲಗಿದೆ ಪುಟ್ಟಿ, ಇನ್ನೂ ಮಲಗಿದೆ ಎಂದು ಎಷ್ಟು ವಾರ ಅಂತ ಹೇಳುವುದು? ಹೆಂಡತಿಯಂತೂ ಫೋನಿನ ಹತ್ತಿರವೇ ಸುಳಿಯುತ್ತಿರಲಿಲ್ಲ. “ಆ ಒಣಕಡ್ಡಿ ಕಿತ್ತೆಸೀರಿ. ಇಲ್ಲದ ಆಸೆ ಇಟ್ಟುಕೊಂಡು ಯಾಕೆ ಕೂತಿದ್ದೀರಿ?” ಎಂದು ಬೆಳಗ್ಗೆಯೂ ರೇಗಿದ್ದಳು. ಅದಕ್ಕೇ ಅವನು ಮಾಲಿಯನ್ನು ಕರೆತಂದಿದ್ದ.

ತೊಗಟೆ ಕೆರೆಯಲು ಬುಡದ ಹತ್ತಿರ ಉಗುರಿಟ್ಟ ಮಾಲಿ ಹಾಗೇ ಕೈ ತಡೆದ. ಕಾಂಡದ ಸುತ್ತ ಆಗಲೇ ಉಗುರಿನ ಗೀರುಗಳಿದ್ದವು. ಹಳೆಯವು ಕಂದಿದ್ದವು. ಒಂದು ಇನ್ನೂ ಹಸಿರಾಗಿತ್ತು, ಅದರ ಅಂಚಿನಲ್ಲಿ ಬಿಳಿ ಹಾಲಿನ ಹನಿ.

“ಜೀವ ಇದೆ ಟೈಲರಪ್ಪ! ಸೊಗಸಾಗಿ ನಿದ್ದೆ ಮಾಡ್ತಿದೆ. ಆದರೆ ಯಾರೋ ದಿನಾ ಕೆರೆದು ಕೆರೆದು ನೋಡ್ತಿದ್ದಾರೆ. ಸುತ್ತಲೂ ತೊಗಟೆ ಹೋಯ್ತು ಅಂದರೆ ಬದುಕಿರೋದೂ ಸಾಯುತ್ತೆ. ಯಾರ ಕೆಲಸ ಇದು?”

ಟೈಲರ್ ಕೆರೆದದ್ದು ಎರಡೇ ಸಲ, ಅದೂ ಕದ್ದು. ತಲೆಯೆತ್ತಿ ನೋಡಿದ. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

“ನಾನೇ ಅಜ್ಜ. ಬುದ್ಧಿ ಇಲ್ಲ ನನಗೆ.”

“ಇನ್ನು ಕೈ ಹಚ್ಚಬೇಡ. ಬಿಸಿಲು ಏರಲಿ, ತಾನಾಗೇ ಏಳುತ್ತೆ” ಎಂದು ಗದರಿಸಿ ಮಾಲಿ ಹೊರಟುಹೋದ.

ಸಂಜೆ ಟೈಲರ್ ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಹೆಂಡತಿ ಬಂದು ಹೊಲಿಗೆ ಯಂತ್ರದ ಪಕ್ಕ ಕೂತಳು. ಆಮೇಲೆ ಅವಳು ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

“ನಿಮ್ಮ ಮೇಲ್ಯಾಕೆ ಹಾಕ್ಕೊಂಡ್ರಿ? ಕತ್ತರಿಸಿಬಿಡಿ ಈ ಉಗುರುಗಳನ್ನ. ಇದ್ದರೆ ನನ್ನ ಕೈ ಸುಮ್ಮನಿರಲ್ಲ.”

ಅವನು ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದುಕೊಂಡು, ರೇಷ್ಮೆ ಬಟ್ಟೆಯ ಮೇಲೆ ಕೈಯಿಟ್ಟಷ್ಟು ನಾಜೂಕಾಗಿ ಒಂದೊಂದೇ ಉಗುರು ತೆಗೆದ. ಒಂಬತ್ತು ಬೆರಳಾಯಿತು. ಬಲಗೈ ಹೆಬ್ಬೆರಳಿಗೆ ಬಂದಾಗ ಉಗುರಿನ ಸಂದಿಯಲ್ಲಿ ತೊಗಟೆಯ ಎಳೆಹಸಿರು ಕಂಡಿತು.

ಅವಳು ಬೆರಳು ಮಡಚಿಕೊಂಡಳು.

“ಇದೊಂದು ಇರಲಿ ಬಿಡಿ.”