ಮಾದಲಿಯ ಡಬ್ಬಿ

ಚಮಚ ಹಿಡಿದ ಶೈಲಜಾಳ ಕೈ ಅಲ್ಲೇ ನಿಂತಿತು. ಬಾಲವಾಡಿಯ ಬಾಗಿಲಲ್ಲಿ ಅತ್ತೆ ಕಸ್ತೂರೆಮ್ಮ!

ಭತ್ತದ ನಾಟಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ, ಬ್ಯಾಂಕಿನ ನೌಕರಿ ಬಿಟ್ಟು, ಶೈಲಜಾ ಬಳಗಾನೂರಿನಲ್ಲಿ ಕಟ್ಟಿದ ಬಾಲವಾಡಿ ಅದು. ತನ್ನ ಮಗಳನ್ನೂ ಅದೇ ಸಾಲಿನಲ್ಲಿ ಕೂರಿಸಿದ್ದಳು. "ಕಂಡೋರ ಜೋಡಿ ಉಣ್ಣೂದು ಬ್ಯಾಡ" ಎಂದು ಅತ್ತೆ ಮೊಮ್ಮಗಳಿಗೆ ದಿನಾ ಬೇರೆ ಡಬ್ಬಿ ಕಟ್ಟುತ್ತಿದ್ದರು. ಇವತ್ತು ಗೋಧಿ-ಬೆಲ್ಲದ ಸಿಹಿ, ತುಪ್ಪ ಸುರಿದ ಮಾದಲಿ. ಅದು ಹನ್ನೆರಡು ತಾಟಿಗೂ ಒಂದೊಂದು ಚಮಚ ಹಂಚಿಹೋಗಿ, ಮೊಮ್ಮಗಳ ಪಾಲಿಗೂ ಒಂದೇ ಚಮಚ ಬಂದಿತ್ತು.

"ದಿನಾ ಹಿಂಗ ಮಾಡ್ತಿಯೇನು?"

"ಹೂಂರಿ ಅತ್ತಿ."

ಕಸ್ತೂರೆಮ್ಮ ಖಾಲಿ ಡಬ್ಬಿ ಎತ್ತಿಕೊಂಡರು. ಸಾಲಿನ ಕೊನೆಯಲ್ಲೊಂದು ಕೂಸು ಇನ್ನೂ ಬೆರಳು ನೆಕ್ಕುತ್ತಿತ್ತು. ಅದನ್ನೇ ನೋಡುತ್ತ ನಿಂತವರು ಸೊಸೆಯ ಕಡೆ ತಿರುಗಿ ಗದರಿದರು:

"ಮಂದಿ ಮಕ್ಕಳಿಗೆ ಒಂದೊಂದು ಚಮಚ ನೀಡಿ ನನ್ನ ಮರ್ಯಾದಿ ಕಳದಿಯಲ್ಲ! ನಾಳಿಂದ ದೊಡ್ಡ ಬೋಗಾಣಿ ತುಂಬ ಮಾಡ್ತೀನಿ."